ಮೊದಲ ಸರದಿ ಬಿಟ್ಟುಕೊಡುವವರ ಲೆಕ್ಕಾಚಾರ

(ಆಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

2024ರ ನವೆಂಬರ್ 24. ಸೌದಿ ಅರೇಬಿಯಾದ ಜಿದ್ದಾ ನಗರದಲ್ಲಿ ಐಪಿಎಲ್ ಹರಾಜು ನಡೆಯುತ್ತಿತ್ತು. ವೆಂಕಟೇಶ್ ಅಯ್ಯರ್ ಹೆಸರು ಕೂಗಿದಾಗ, ಅವರನ್ನು ಉಳಿಸಿಕೊಳ್ಳದೆ ಬಿಟ್ಟಿದ್ದ ಕೋಲ್ಕತ್ತ ತಂಡವೇ ಮತ್ತೆ ಕೈಯೆತ್ತಿತು. ಪೈಪೋಟಿಗೆ ನಿಂತದ್ದು ಬೆಂಗಳೂರಿನ ಆರ್‌ಸಿಬಿ. ಬೆಲೆ ಹತ್ತು ಕೋಟಿ ದಾಟಿತು, ಹದಿನೈದು ದಾಟಿತು, ಇಪ್ಪತ್ತೂ ದಾಟಿತು. ಆರ್‌ಸಿಬಿಯವರು 23.50 ಕೋಟಿ ರೂಪಾಯಿವರೆಗೆ ಬಂದರು. ಕೋಲ್ಕತ್ತ 23.75 ಕೋಟಿ ಎಂದಾಗ ಕೈ ಕೆಳಗಿಳಿಸಿದರು.

ಅದೇ ದಿನ, ಅದೇ ಸಭಾಂಗಣದಲ್ಲಿ, ಸ್ವಲ್ಪ ಹೊತ್ತಿನ ನಂತರ ಆರ್‌ಸಿಬಿ 11.50 ಕೋಟಿಗೆ ಫಿಲ್ ಸಾಲ್ಟ್ ಅವರನ್ನೂ 12.50 ಕೋಟಿಗೆ ಜೋಶ್ ಹೇಜಲ್‌ವುಡ್ ಅವರನ್ನೂ ಕೊಂಡಿತು. ಇಬ್ಬರದೂ ಸೇರಿದರೆ 24 ಕೋಟಿ. ಒಬ್ಬ ವೆಂಕಟೇಶ್‌ಗಾಗಿ ತೆರಲು ಸಿದ್ಧವಿದ್ದ ಹಣಕ್ಕೆ ಐವತ್ತು ಲಕ್ಷ ಸೇರಿಸಿದ್ದಕ್ಕೆ ಆರಂಭಿಕ ಬ್ಯಾಟರ್ ಒಬ್ಬ, ಮುಂಚೂಣಿಯ ವೇಗದ ಬೌಲರ್ ಒಬ್ಬ ದಕ್ಕಿದರು. ಮುಂದಿನ ಐಪಿಎಲ್‌ನಲ್ಲಿ ಸಾಲ್ಟ್ ನಾಲ್ಕು ನೂರಕ್ಕೂ ಹೆಚ್ಚು ರನ್ ಹೊಡೆದರು, ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್ ಕಿತ್ತರು. ವೆಂಕಟೇಶ್ ಕೋಲ್ಕತ್ತ ಪರ ಇಡೀ ಋತುವಿನಲ್ಲಿ ಗಳಿಸಿದ್ದು 142 ರನ್. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಹದಿನೆಂಟನೆಯ ವರ್ಷಕ್ಕೆ ಮೊದಲ ಸಲ ಕಪ್ ಎತ್ತಿತು.

ಇದು ಲೆಕ್ಕ ಹಾಕಿ ಆಡಿದ ಆಟವೋ, ಅದೃಷ್ಟ ಕೈಹಿಡಿದದ್ದೋ? ಈ ಉಪನ್ಯಾಸದ ವಿಷಯ ಈ ಪ್ರಶ್ನೆಗೆ ಅಂಟಿಕೊಂಡಿದೆ. ಎಲ್ಲರ ಕಣ್ಣು ಬಿದ್ದಿರುವ ಒಬ್ಬ ಆಟಗಾರನನ್ನು ಬಿಟ್ಟುಕೊಟ್ಟು, ಆ ಬೆಲೆಗೆ ಎರಡನೆಯ ಸಾಲಿನ ಇಬ್ಬರನ್ನೋ ಮೂವರನ್ನೋ ತರುವುದು ಜಾಣತನವೇ? ಆಲೂರು ತಾಲ್ಲೂಕಿನಂಥ ಕಡೆಗಳಲ್ಲಿ ಬೇಸಿಗೆಯ ಟೆನಿಸ್ ಬಾಲ್ ಪಂದ್ಯಾವಳಿಗಳಿಗೂ ಆಟಗಾರರ ಹರಾಜು ಬಂದಿರುವ ಈ ಕಾಲದಲ್ಲಿ ಇದು ದೂರದ ಪ್ರಶ್ನೆಯಲ್ಲ.

ಪ್ರಶ್ನೆ ಹುಟ್ಟಿದ್ದು ಮಾತ್ರ ದೂರದಲ್ಲೇ. ಹೆಲ್ಮೆಟ್ಟು, ಭುಜಕವಚ ತೊಟ್ಟು ಕೈಯಲ್ಲಿ ಚೆಂಡು ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್‌ನಲ್ಲಿ ಹರಾಜು ಇಲ್ಲ, ಡ್ರಾಫ್ಟ್ ಇದೆ. ಕಾಲೇಜಿನಿಂದ ಹೊರಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಈ ಪದ್ಧತಿಯನ್ನು ಮುಂದಿಟ್ಟರು. 1936ರ ಫೆಬ್ರುವರಿಯಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಹಣವಂತ ತಂಡಗಳೇ ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಂಡು ಹೋಗಬಾರದು ಎಂಬುದು ಉದ್ದೇಶ. ಆ ಮೊದಲ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಸರದಿಯನ್ನು ಮಾರಬಹುದು, ಬದಲಾಯಿಸಿಕೊಳ್ಳಬಹುದು. ಐದನೆಯ ಸರದಿ ಇರುವ ತಂಡ ಅದನ್ನು ಬೇರೆಯವರಿಗೆ ಕೊಟ್ಟು, ಅವರಿಂದ ಹನ್ನೆರಡನೆಯ ಸರದಿ, ಎರಡನೆಯ ಸುತ್ತಿನ ಇನ್ನೊಂದು ಸರದಿ, ಜೊತೆಗೆ ಮುಂದಿನ ವರ್ಷದ ಒಂದು ಸರದಿ ಪಡೆಯಬಹುದು. ಈ ರೀತಿ ಹಿಂದಕ್ಕೆ ಸರಿಯುವುದು ಒಳ್ಳೆಯ ತಂತ್ರವೇ ಎಂಬ ಚರ್ಚೆ ಅಲ್ಲಿ ದಶಕಗಳಿಂದ ನಡೆದಿದೆ.

ಚರ್ಚೆಗೆ ಅಂಕಿಗಳನ್ನು ತಂದವರು ಡಲ್ಲಾಸ್ ಕೌಬಾಯ್ಸ್. 1989ರ ಅಕ್ಟೋಬರ್‌ನಲ್ಲಿ ಆ ತಂಡದ ತರಬೇತುದಾರ ಜಿಮ್ಮಿ ಜಾನ್ಸನ್ ತಮ್ಮ ಅತ್ಯುತ್ತಮ ಆಟಗಾರ ಹರ್ಷಲ್ ವಾಕರ್ ಅವರನ್ನೇ ಮಿನೆಸೊಟಾ ತಂಡಕ್ಕೆ ಕೊಟ್ಟು, ಬದಲಿಗೆ ಹಲವು ಆಟಗಾರರನ್ನೂ ಸರದಿಗಳನ್ನೂ ತಂದರು. ಆ ಸರದಿಗಳಿಂದ ಕಟ್ಟಿದ ತಂಡ ಮುಂದಿನ ದಶಕದಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಅನ್ನು ಮೂರು ಸಲ ಗೆದ್ದಿತು. ಇಷ್ಟೊಂದು ಸರದಿಗಳ ಕೊಡು-ಕೊಳ್ಳುವಿಕೆಗೆ ಒಂದು ದರಪಟ್ಟಿ ಬೇಕಾಯಿತು. 1991ರಲ್ಲಿ ತಂಡದ ಪಾಲುದಾರರಲ್ಲೊಬ್ಬರಾದ ಮೈಕ್ ಮೆಕಾಯ್ ಅದನ್ನು ಸಿದ್ಧಪಡಿಸಿದರು. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, ಮೂವತ್ತೆರಡನೆಯದಕ್ಕೆ 590. ಅಂದರೆ ಮೊದಲ ಹುಡುಗ ಹತ್ತನೆಯ ಹುಡುಗನ ಎರಡು ಪಟ್ಟಿಗೂ ಮಿಗಿಲು, ಮೂವತ್ತೆರಡನೆಯವನ ಐದು ಪಟ್ಟು. ಇತರ ತಂಡಗಳೂ ಬಹುಮಟ್ಟಿಗೆ ಇದನ್ನೇ ಒಪ್ಪಿಕೊಂಡವು. ಪಟ್ಟಿ ಹಿಂದೆ ನಡೆದ ವ್ಯವಹಾರಗಳನ್ನು ನೋಡಿ ಮಾಡಿದ್ದು. ಆರಿಸಿಕೊಂಡ ಹುಡುಗರು ಮುಂದೆ ಹೇಗೆ ಆಡಿದರು ಎಂಬುದು ಅದರಲ್ಲಿ ಸೇರಿರಲಿಲ್ಲ.

ಆ ಕೊರತೆಯನ್ನು ತುಂಬಿದವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 2005ರಲ್ಲಿ ಮೊದಲು ಹೊರಬಂದು 2013ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನ ಕೇಳಿದ ಪ್ರಶ್ನೆ ತೀರಾ ಸರಳ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಒಬ್ಬರ ಹಿಂದೊಬ್ಬರು ಆರಿಸಲಾಗಿದೆ ಎಂದುಕೊಳ್ಳಿ. ಮೊದಲು ಆಯ್ಕೆಯಾದವನು ನಂತರದವನಿಗಿಂತ ಚೆನ್ನಾಗಿ ಆಡುವ ಸಂಭವ ಎಷ್ಟು? ಸಿಕ್ಕ ಉತ್ತರ ಶೇ 52. ನಾಣ್ಯ ಚಿಮ್ಮಿದರೆ ಶೇ 50. ಕೋಟಿಗಟ್ಟಲೆ ಡಾಲರ್ ಸುರಿದು, ವರ್ಷವಿಡೀ ಊರೂರು ಸುತ್ತಿ, ಓಟದ ವೇಗ, ಜಿಗಿತದ ಎತ್ತರ ಎಲ್ಲವನ್ನೂ ಅಳೆದು ತಜ್ಞರು ಗಳಿಸಿದ ಮುನ್ನಡೆ ಅಷ್ಟೇ.

ಆಲೂರು, ಸಕಲೇಶಪುರದ ತೋಟಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರದಲ್ಲಿ ಈ ವರ್ಷ ಎಕರೆಗೆ ಎಷ್ಟು ಮೂಟೆ ಎಂದು ಹೇಳುವವರಿಗೆ ಬರವಿರುವುದಿಲ್ಲ. ಆದರೂ ಕಾಫಿ ಮಂಡಳಿ ಹೂವಾದ ಮೇಲೆ ಒಂದು ಅಂದಾಜು ಕೊಟ್ಟು, ಮಳೆಗಾಲ ಮುಗಿದ ಮೇಲೆ ಇನ್ನೊಂದು ಕೊಡುತ್ತದೆ. ನಡುವೆ ಬ್ಯಾಕಿಂಗ್ ಮಳೆ ಬರಬೇಕು, ಕಾಯಿ ಕಚ್ಚಬೇಕು, ಆಷಾಢದ ಜಡಿಮಳೆಗೆ ಉದುರದೆ ಉಳಿಯಬೇಕು, ಕೊಳೆ ರೋಗ, ಕಾಯಿಕೊರಕ ತಪ್ಪಬೇಕು. ಇಪ್ಪತ್ತೊಂದು ವರ್ಷದ ಆಟಗಾರನ ಬೆಲೆ ಕಟ್ಟುವವರು ಹೂವಿನ ವಾರದಲ್ಲಿ ನಿಂತು ಕಣದ ಲೆಕ್ಕ ಹೇಳುತ್ತಿರುತ್ತಾರೆ.

ಮ್ಯಾಸಿ ಮತ್ತು ಥೇಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಟಗಾರ ಎಷ್ಟು ಆಡುತ್ತಾನೆ ಎಂಬುದರ ಜೊತೆ ಅವನಿಗೆ ಎಷ್ಟು ಸಂಬಳ ಕೊಡಬೇಕು ಎಂಬುದನ್ನೂ ಎದುರುಬದುರು ಇಟ್ಟರು. ತಂಡಗಳಿಗೆ ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಇರುವುದರಿಂದ ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. ಈ ಲೆಕ್ಕದಲ್ಲಿ ತಂಡಕ್ಕೆ ಅತಿ ಹೆಚ್ಚು ಲಾಭ ತರುವ ಸರದಿ ಮೊದಲನೆಯದಲ್ಲ, ಎರಡನೆಯ ಸುತ್ತಿನ ಆರಂಭದ ಆಸುಪಾಸಿನದು ಎಂದು ಕಂಡುಬಂತು. ದುರ್ಬಲ ತಂಡಕ್ಕೆ ನೆರವಾಗಲೆಂದು ಕೊಟ್ಟ ಮೊದಲ ಸರದಿಯೇ ಅದರ ಕುತ್ತಿಗೆಗೆ ಭಾರವಾಗುತ್ತಿತ್ತು. ಆ ಸರದಿಯನ್ನು ದುಬಾರಿ ಬೆಲೆಗೆ ಕೊಳ್ಳಲು ಜನ ಸಿದ್ಧರಿದ್ದಾಗ ಮಾರಿಬಿಡುವುದೇ ಸರಿ ಎಂಬುದು ಅವರ ತೀರ್ಮಾನ.

ಕೊಳ್ಳಲು ಜನ ಸಿದ್ಧರಿದ್ದರು ಎಂಬುದಕ್ಕೆ 1999ರ ನ್ಯೂ ಆರ್ಲಿಯನ್ಸ್ ತಂಡವನ್ನು ನೋಡಿದರೆ ಸಾಕು. ತರಬೇತುದಾರ ಮೈಕ್ ಡಿಟ್ಕಾ ಅವರಿಗೆ ರಿಕಿ ವಿಲಿಯಮ್ಸ್ ಬೇಕೇ ಬೇಕಾಗಿತ್ತು. ಐದನೆಯ ಸರದಿಯನ್ನು ಪಡೆಯಲು ಆ ವರ್ಷದ ತಮ್ಮೆಲ್ಲ ಸರದಿಗಳನ್ನು ಕೊಟ್ಟರು. ಮುಂದಿನ ವರ್ಷದ ಮೊದಲ ಮತ್ತು ಮೂರನೆಯ ಸುತ್ತಿನ ಸರದಿಗಳನ್ನೂ ಕೊಟ್ಟರು. ಒಂದು ನಿಯತಕಾಲಿಕೆಯ ಮುಖಪುಟಕ್ಕೆ ಇಬ್ಬರೂ ಮದುಮಗ-ಮದುಮಗಳ ವೇಷದಲ್ಲಿ ಫೋಟೊ ತೆಗೆಸಿಕೊಂಡರು. ಆ ಋತುವಿನಲ್ಲಿ ತಂಡ 3 ಪಂದ್ಯ ಗೆದ್ದು 13 ಸೋತಿತು, ಡಿಟ್ಕಾ ಕೆಲಸ ಕಳೆದುಕೊಂಡರು. ವಿಲಿಯಮ್ಸ್ ಕಳಪೆ ಆಟಗಾರರೇನಲ್ಲ. ಅವರ ಸುತ್ತ ನಿಲ್ಲಬೇಕಾಗಿದ್ದ ಹುಡುಗರನ್ನು ತರುವ ಸರದಿಗಳೇ ತಂಡದ ಬಳಿ ಉಳಿದಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹಿಂದಕ್ಕೆ ಸರಿಯುವವರೆಲ್ಲ ಜಾಣರು ಎಂದಾಗುತ್ತದೆ. ಹಾಗೆ ಹೇಳುವಂತಿಲ್ಲ.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2016ರಲ್ಲಿ ಎರಡನೆಯ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಎಂಟಕ್ಕೆ ಇಳಿದರು. ಬದಲಿಗೆ ಮುಂದಿನೆರಡು ವರ್ಷಗಳ ಸರದಿಗಳೂ ಸಿಕ್ಕವು. ಎಂಟನ್ನೂ ಬಿಟ್ಟು ಹದಿನೈದಕ್ಕೆ ಇಳಿದರು. 2017ರಲ್ಲಿ ಹನ್ನೆರಡನೆಯದನ್ನು ಹ್ಯೂಸ್ಟನ್‌ಗೆ ಕೊಟ್ಟು ಇಪ್ಪತ್ತೈದಕ್ಕೆ ಇಳಿದರು. ಪುಸ್ತಕದಲ್ಲಿ ಬರೆದಂತೆ ಎಲ್ಲವನ್ನೂ ಮಾಡಿದ ಈ ತಂಡ 2016ರಲ್ಲಿ ಒಂದು ಪಂದ್ಯ ಗೆದ್ದು 15 ಸೋತಿತು. 2017ರಲ್ಲಿ 16ಕ್ಕೆ 16ನ್ನೂ ಸೋತಿತು. ಬಿಟ್ಟುಕೊಟ್ಟ ಎರಡನೆಯ ಮತ್ತು ಹನ್ನೆರಡನೆಯ ಸರದಿಗಳಲ್ಲಿ ಬೇರೆ ತಂಡಗಳು ಆರಿಸಿದ್ದು ಕಾರ್ಸನ್ ವೆಂಟ್ಜ್ ಮತ್ತು ಡೆಶಾನ್ ವಾಟ್ಸನ್ ಎಂಬ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು. ಬ್ರೌನ್ಸ್‌ಗೆ ಆಗ ಅತ್ಯಗತ್ಯವಾಗಿ ಬೇಕಾಗಿದ್ದದ್ದೂ ಒಬ್ಬ ಕ್ವಾರ್ಟರ್‌ಬ್ಯಾಕ್.

ಕ್ವಾರ್ಟರ್‌ಬ್ಯಾಕ್ ಎಂದರೆ ಆ ಆಟದಲ್ಲಿ ದಾಳಿಯ ಪ್ರತಿ ಸಲವೂ ಚೆಂಡು ಮೊದಲು ಸೇರುವ ಕೈ. ಅವನ ಜಾಗವನ್ನು ಇಬ್ಬರು ಸಾಧಾರಣ ಆಟಗಾರರು ಸೇರಿ ತುಂಬಲಾಗದು, ಏಕೆಂದರೆ ಅಂಗಳದಲ್ಲಿ ಆ ಜಾಗ ಇರುವುದೇ ಒಂದು. 2017ರಲ್ಲಿ ಕಾನ್ಸಾಸ್ ಸಿಟಿ ತಂಡ ಇಪ್ಪತ್ತೇಳನೆಯ ಸರದಿ, ಮೂರನೆಯ ಸುತ್ತಿನ ಸರದಿ, 2018ರ ಮೊದಲ ಸುತ್ತಿನ ಸರದಿ ಮೂರನ್ನೂ ಬಫಲೊ ತಂಡಕ್ಕೆ ಕೊಟ್ಟು ಹತ್ತಕ್ಕೆ ಏರಿತು. ಹಾಗೆ ತಂದ ಪ್ಯಾಟ್ರಿಕ್ ಮಹೋಮ್ಸ್ ಮೂರು ಸೂಪರ್ ಬೌಲ್ ಗೆದ್ದುಕೊಟ್ಟರು. ಬಫಲೊ ಆ ಇಪ್ಪತ್ತೇಳರಲ್ಲಿ ಒಳ್ಳೆಯ ರಕ್ಷಣಾ ಆಟಗಾರನನ್ನೇ ಪಡೆಯಿತು, ವ್ಯವಹಾರ ಅದಕ್ಕೂ ನಷ್ಟವಲ್ಲ. ಆದರೂ ಕಾನ್ಸಾಸ್ ಸಿಟಿಗೆ ಸಿಕ್ಕದ್ದು ಬೇರೆಯೇ ತೂಕದ್ದು.

2012ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಮಾಡಿದ ವ್ಯಾಪಾರ ಇನ್ನೂ ಕುತೂಹಲದ್ದು. ಎರಡನೆಯ ಸರದಿಯನ್ನು ವಾಷಿಂಗ್ಟನ್‌ಗೆ ಕೊಟ್ಟು ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಒಂದು ಎರಡನೆಯ ಸುತ್ತಿನ ಸರದಿಯನ್ನೂ ತಂದರು. ವಾಷಿಂಗ್ಟನ್ ಆರಿಸಿದ ರಾಬರ್ಟ್ ಗ್ರಿಫಿನ್ ಮೊದಲ ವರ್ಷ ಮಿಂಚಿ ಮೊಣಕಾಲಿನ ಗಾಯದಿಂದ ಕಂಗೆಟ್ಟರು. 2014ರ ಡಿಸೆಂಬರ್‌ನಲ್ಲಿ ಎರಡೂ ತಂಡಗಳು ಎದುರಾದಾಗ ರ‍್ಯಾಮ್ಸ್ ಟಾಸ್‌ಗೆ ಕಳುಹಿಸಿದ್ದು ಆ ಸರದಿಗಳಿಂದ ಬಂದ ಆರು ಜನ ಆಟಗಾರರನ್ನು. ಪಂದ್ಯವನ್ನು 24–0 ಅಂತರದಲ್ಲಿ ಗೆದ್ದರು. ಅಷ್ಟಾದರೂ ಆ ವರ್ಷಗಳಲ್ಲಿ ರ‍್ಯಾಮ್ಸ್ ಒಂದು ಋತುವಿನಲ್ಲೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ವ್ಯಾಪಾರದಲ್ಲಿ ಗೆದ್ದವರು ಆಟದಲ್ಲಿ ಗೆಲ್ಲಲಿಲ್ಲ. ಸರದಿ ಬಂದ ಮೇಲೆ ಯಾರನ್ನು ಆರಿಸಬೇಕು, ಆರಿಸಿದವರನ್ನು ಹೇಗೆ ತಿದ್ದಬೇಕು ಎಂಬ ಕೆಲಸ ಹಾಗೇ ಬಾಕಿ ಇರುತ್ತದೆ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. 2010ರಲ್ಲಿ ಮೊದಲ ಸರದಿಯಲ್ಲಿ ಬಂದ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ಗಳ ಒಪ್ಪಂದ, ಅದರಲ್ಲಿ 5 ಕೋಟಿ ಖಚಿತ. 2011ರಲ್ಲಿ ಹೊಸಬರ ಸಂಬಳಕ್ಕೆ ಕಟ್ಟುಪಾಡು ಬಂತು. ಅದೇ ವರ್ಷ ಮೊದಲ ಸರದಿಯಲ್ಲಿ ಬಂದ ಕ್ಯಾಮ್ ನ್ಯೂಟನ್ ಅವರಿಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಮೊದಲ ಸರದಿ ಅಗ್ಗವಾಯಿತು, ಹಿಂದಕ್ಕೆ ಸರಿಯುವ ಲಾಭವೂ ಆ ಮಟ್ಟಿಗೆ ಇಳಿಯಿತು. ಥೇಲರ್ ಹೇಳಿದ್ದನ್ನು ಇಂದು ಉದ್ಧರಿಸುವವರು ಈ ವ್ಯತ್ಯಾಸವನ್ನು ಎಷ್ಟೋ ಸಲ ಮರೆಯುತ್ತಾರೆ.

ಹಿಂದಕ್ಕೆ ಸರಿಯುವುದರ ಅತ್ಯಂತ ಸೊಗಸಾದ ನಿದರ್ಶನ ಮಾತ್ರ ಬ್ಯಾಸ್ಕೆಟ್‌ಬಾಲ್‌ನಲ್ಲಿದೆ. 2017ರಲ್ಲಿ ಬೋಸ್ಟನ್ ಸೆಲ್ಟಿಕ್ಸ್ ಬಳಿ ಮೊದಲ ಸರದಿ ಇತ್ತು. ಅವರಿಗೆ ಬೇಕಾಗಿದ್ದದ್ದು ಜೇಸನ್ ಟೇಟಮ್. ಉಳಿದವರ ಕಣ್ಣು ಬೇರೆಯವರ ಮೇಲಿತ್ತು. ಫಿಲಡೆಲ್ಫಿಯಾಕ್ಕೆ ಮೊದಲ ಸರದಿ ಕೊಟ್ಟು ಮೂರನೆಯದನ್ನೂ ಮುಂದಿನ ಒಂದು ಸರದಿಯನ್ನೂ ಪಡೆದರು, ಮೂರರಲ್ಲಿ ಟೇಟಮ್ ಅವರನ್ನೇ ತಂದರು. 2024ರಲ್ಲಿ ಬೋಸ್ಟನ್ ಚಾಂಪಿಯನ್ ಆಯಿತು. ಇಲ್ಲಿ ಹಿಂದೆ ಸರಿದವರು ತಮಗೆ ಯಾರು ಬೇಕು ಎಂಬುದನ್ನು ಮೊದಲೇ ನಿರ್ಧರಿಸಿದ್ದರು. ಯಾರಾದರೂ ಸರಿ, ಹೆಚ್ಚು ಜನ ಸಿಗಲಿ ಎಂದು ಇಳಿದವರಲ್ಲ.

ಈಗ ಕರ್ನಾಟಕಕ್ಕೆ ಬರಬಹುದು. ಡ್ರಾಫ್ಟ್ ಭಾರತದ ಕಾಲ್ಚೆಂಡಿಗೂ ಬಂದಿತ್ತು. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ತನ್ನ ಬಹುಪಾಲು ಭಾರತೀಯ ಆಟಗಾರರನ್ನು ಡ್ರಾಫ್ಟ್ ಮೂಲಕ ಹಂಚಿತು. 2015ರಲ್ಲಿ ಹತ್ತು ಜನ ಪ್ರಮುಖರನ್ನು ಹರಾಜಿಗೆ ಇಟ್ಟಾಗ ಸುನಿಲ್ ಛೇಟ್ರಿ 1.20 ಕೋಟಿ ರೂಪಾಯಿಗೆ ಮುಂಬೈ ಸೇರಿದರು. 2013ರಲ್ಲಿ ಹುಟ್ಟಿ ಅಷ್ಟರಲ್ಲಾಗಲೇ ಎರಡು ಸಲ ಐ-ಲೀಗ್ ಗೆದ್ದಿದ್ದ ಬೆಂಗಳೂರು ಎಫ್‌ಸಿ 2017ರಲ್ಲಿ ಐಎಸ್‌ಎಲ್‌ಗೆ ಬಂತು. ಆ ವರ್ಷದ ಜುಲೈ 23ರಂದು ಮುಂಬೈನಲ್ಲಿ ಡ್ರಾಫ್ಟ್. ಹಿರಿಯ ಆಟಗಾರರನ್ನು ಉಳಿಸಿಕೊಂಡ ತಂಡ ಅದಕ್ಕೆ ಪ್ರತಿಯಾಗಿ ಆರಂಭದ ಸುತ್ತುಗಳ ಸರದಿ ಬಿಡಬೇಕಿತ್ತು. ಬೆಂಗಳೂರು ಛೇಟ್ರಿ ಮತ್ತು ಉದಾಂತ ಸಿಂಗ್ ಇಬ್ಬರನ್ನೂ ಉಳಿಸಿಕೊಂಡಿತು. ಅನಸ್ ಎಡತೊಡಿಕ, ಯೂಜಿನ್‌ಸನ್ ಲಿಂಗ್ಡೊ ಅವರಂಥ 1.10 ಕೋಟಿಯ ಹೆಸರುಗಳು ಬೇರೆಯವರ ಪಾಲಾದವು.

ನಂತರದ ಸುತ್ತುಗಳಲ್ಲಿ ಬೆಂಗಳೂರು ಸೇರಿದವರಲ್ಲಿ ರಾಹುಲ್ ಭೆಕೆ, ಹರ್ಮನ್‌ಜೋತ್ ಖಾಬ್ರಾ, ಲೆನ್ನಿ ರಾಡ್ರಿಗಸ್, ಸುಭಾಶಿಷ್ ಬೋಸ್ ಇದ್ದರು. ಪತ್ರಿಕೆಗಳ ತಲೆಬರಹಕ್ಕೆ ಬರುವ ಹೆಸರುಗಳಲ್ಲ ಇವು. ಮೊದಲ ಋತುವಿನಲ್ಲೇ ತಂಡ ಅಂಕಪಟ್ಟಿಯ ತುದಿಗೇರಿ, ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಚೆನ್ನೈಗೆ 3–2ರಿಂದ ಸೋತಿತು. ಮರುವರ್ಷ, 2019ರ ಮಾರ್ಚ್ 17ರಂದು ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. ಡಿಮಾಸ್ ಡೆಲ್ಗಾಡೊ ಮೂಲೆಯಿಂದ ಒದ್ದ ಚೆಂಡು ಗೋಲಿನ ಮುಂದೆ ಇಳಿಯಿತು. ಅದಕ್ಕೆ ತಲೆ ಕೊಟ್ಟು ಬಲೆ ಸೇರಿಸಿದವರು ರಕ್ಷಣಾ ಆಟಗಾರ ರಾಹುಲ್ ಭೆಕೆ. 1–0. ಕರ್ನಾಟಕದ ತಂಡವೊಂದಕ್ಕೆ ಮೊದಲ ಐಎಸ್‌ಎಲ್ ಕಪ್ ಬಂದದ್ದು ಹಾಗೆ.

ಬೆಂಗಳೂರು ಎಫ್‌ಸಿ ಮಾಡಿದ್ದನ್ನು ಪೂರ್ತಿಯಾಗಿ ಹಿಂದಕ್ಕೆ ಸರಿಯುವುದು ಎನ್ನಲಾಗದು. ಸರದಿ ಬಿಟ್ಟು ಅದು ಉಳಿಸಿಕೊಂಡದ್ದು ಛೇಟ್ರಿಯಂಥ ಆಟಗಾರನನ್ನು. ಆಟದ ಹುರಿಯಾಗಿರುವ ಒಬ್ಬನನ್ನು ಯಾವ ಬೆಲೆಗೂ ಬಿಡದೆ, ಮಿಕ್ಕ ಜಾಗಗಳನ್ನು ಹೆಸರಿನ ಹಂಗಿಲ್ಲದೆ ತುಂಬಿತು. ತಂಡ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಈ ರಾಜ್ಯದ ಆಟದ ಇತಿಹಾಸದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಆರ್‌ಸಿಬಿಯ ಮಹಿಳಾ ತಂಡವೂ ಇದೇ ದಾರಿಯಲ್ಲಿ ಬಂತು, ಸ್ವಲ್ಪ ತಡವಾಗಿ. 2023ರ ಫೆಬ್ರುವರಿಯಲ್ಲಿ ನಡೆದ ಮಹಿಳಾ ಲೀಗ್‌ನ ಮೊದಲ ಹರಾಜಿನಲ್ಲಿ ಪ್ರತಿ ತಂಡದ ಬಳಿ ಇದ್ದದ್ದು 12 ಕೋಟಿ ರೂಪಾಯಿ. ಸ್ಮೃತಿ ಮಂದಾನ ಒಬ್ಬರಿಗೇ 3.40 ಕೋಟಿ ಹೋಯಿತು. ಆ ವರ್ಷ ಐದು ತಂಡಗಳಲ್ಲಿ ನಾಲ್ಕನೆಯ ಸ್ಥಾನ. ಅದೇ ಹರಾಜಿನಲ್ಲಿ ತಲಾ 10 ಲಕ್ಷಕ್ಕೆ ಬಂದ ಇಬ್ಬರಿದ್ದರು: ಕರ್ನಾಟಕದ ಶ್ರೇಯಾಂಕಾ ಪಾಟೀಲ, ಕೇರಳದ ಆಶಾ ಶೋಭನಾ. 2024ರಲ್ಲಿ ಆಶಾ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಯುಪಿ ತಂಡದ ಐದು ವಿಕೆಟ್ ಉರುಳಿಸಿದರು. ಶ್ರೇಯಾಂಕಾ 13 ವಿಕೆಟ್‌ಗಳೊಂದಿಗೆ, ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಕೊಡುವ ನೇರಳೆ ಟೋಪಿ ತೊಟ್ಟರು. ದೆಹಲಿಯ ಫೈನಲ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 64ರಲ್ಲಿದ್ದ ಡೆಲ್ಲಿ 113ಕ್ಕೆ ಮುಗಿಯಿತು. 30 ಲಕ್ಷದ ಸೋಫಿ ಮೊಲಿನೆ ಒಂದೇ ಓವರಿನಲ್ಲಿ ಮೂವರನ್ನು ಕಳುಹಿಸಿದ ಮೇಲೆ ಶ್ರೇಯಾಂಕಾ 12 ರನ್ ಕೊಟ್ಟು ನಾಲ್ಕು ವಿಕೆಟ್ ಪಡೆದರು. ಕಪ್ ಎತ್ತಿದ ನಾಯಕಿ ಅದೇ 3.40 ಕೋಟಿಯ ಮಂದಾನ. ಆ ಋತುವಿನಲ್ಲಿ ಅವರ ಬ್ಯಾಟಿನಿಂದಲೂ 300 ರನ್ ಬಂದಿತ್ತು.

ಪುರುಷರ ತಂಡದ ಕಥೆ ಹೆಚ್ಚು ಉದ್ದ, ಹೆಚ್ಚು ನೋವಿನದು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟು ಎಂಟು ತಂಡಗಳಲ್ಲಿ ಏಳನೆಯದಾದ ವರ್ಷವಿದೆ. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ ಕೊಟ್ಟು ಒಂಬತ್ತು ಪಂದ್ಯಗಳಿಂದ ಒಂಬತ್ತು ವಿಕೆಟ್ ಪಡೆದದ್ದಿದೆ. ದೊಡ್ಡ ಹೆಸರಿಗೆ ಹಣ ಸುರಿದು, ಕೊನೆಯ ಓವರುಗಳನ್ನು ಹಾಕಲು ಜನವಿಲ್ಲದೆ ಒದ್ದಾಡಿದ ರಾತ್ರಿಗಳನ್ನು ಅಭಿಮಾನಿಗಳು ಮರೆತಿಲ್ಲ.

2024ರ ಹರಾಜಿಗೆ ಮುನ್ನ ತಂಡ ವಿರಾಟ್ ಕೊಹ್ಲಿ, ರಜತ್ ಪಾಟಿದಾರ್, ಯಶ್ ದಯಾಳ್ ಮೂವರನ್ನು ಒಟ್ಟು 37 ಕೋಟಿಗೆ ಉಳಿಸಿಕೊಂಡಿತು. ಕೈಯಲ್ಲಿ 83 ಕೋಟಿ. ಕೆ.ಎಲ್. ರಾಹುಲ್ ಹೆಸರು ಬಂದಾಗ ಮೊದಮೊದಲು ಕೂಗಿ, ಬೆಲೆ ಏರುತ್ತಿದ್ದಂತೆ ಹಿಂದೆ ಸರಿಯಿತು. 14 ಕೋಟಿಗೆ ಡೆಲ್ಲಿ ಪಾಲಾದರು. ‘ನಮ್ಮ ಹುಡುಗನನ್ನೇ ಬಿಟ್ಟುಬಿಟ್ರಲ್ಲ’ ಎಂಬ ಬೇಸರ ಕರ್ನಾಟಕದ ತುಂಬ ಹರಡಿತು. ಆ ಬೇಸರಕ್ಕೆ ಆಧಾರ ಇರಲಿಲ್ಲ ಎನ್ನುವಂತಿಲ್ಲ. 2025ರ ಏಪ್ರಿಲ್ 10ರಂದು ಬೆಂಗಳೂರಿನಲ್ಲೇ ರಾಹುಲ್ ಔಟಾಗದೆ 93 ರನ್ ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಬಿಟ್ಟುಕೊಟ್ಟವನು ಬಂದು ಬಾರಿಸುವ ದಿನ ಇದ್ದೇ ಇರುತ್ತದೆ, ಅದನ್ನು ಸಹಿಸುವ ಗಟ್ಟಿತನ ಈ ತಂತ್ರ ಹಿಡಿದವರಿಗೆ ಬೇಕು.

ಉಳಿದ ಹಣ ಎಲ್ಲಿ ಹೋಯಿತು ಎಂದು ನೋಡಿದರೆ ತಂಡದ ಯೋಚನೆ ತಿಳಿಯುತ್ತದೆ. ಹರಾಜಿನ ಎರಡನೆಯ ದಿನ, ದೊಡ್ಡ ಹೆಸರುಗಳೆಲ್ಲ ಮುಗಿದು ಹಲವು ತಂಡಗಳ ಕೈ ಬರಿದಾಗಿದ್ದಾಗ, ಭುವನೇಶ್ವರ್ ಕುಮಾರ್ 10.75 ಕೋಟಿಗೆ, ಕೃಣಾಲ್ ಪಾಂಡ್ಯ 5.75 ಕೋಟಿಗೆ, ಟಿಮ್ ಡೇವಿಡ್ 3 ಕೋಟಿಗೆ, ರೊಮಾರಿಯೊ ಶೆಫರ್ಡ್ 1.50 ಕೋಟಿಗೆ ಬಂದರು. ಶೆಫರ್ಡ್ ಚೆನ್ನೈ ವಿರುದ್ಧ 14 ಎಸೆತಗಳಲ್ಲಿ ಅರ್ಧಶತಕ ಬಾರಿಸಿದರು. ಮೊದಲ ದಿನ 11 ಕೋಟಿಗೆ ಬಂದಿದ್ದ ಜಿತೇಶ್ ಶರ್ಮಾ ಲಖನೌ ವಿರುದ್ಧ 33 ಎಸೆತಗಳಲ್ಲಿ ಔಟಾಗದೆ 85 ಹೊಡೆದು 228ರ ಗುರಿ ಮುಟ್ಟಿಸಿದರು. ಫೈನಲ್‌ನಲ್ಲಿ ಪಂಜಾಬಿನ ಓಟಕ್ಕೆ ಕಡಿವಾಣ ಹಾಕಿದ್ದು ಕೃಣಾಲ್: ನಾಲ್ಕು ಓವರ್, 17 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠ ಪ್ರಶಸ್ತಿ. ಅದೇ ಹರಾಜಿನಲ್ಲಿ 27 ಕೋಟಿಯ ದಾಖಲೆ ಬೆಲೆಗೆ ರಿಷಭ್ ಪಂತ್ ಅವರನ್ನು ಕೊಂಡ ಲಖನೌ ಏಳನೆಯದಾಯಿತು.

ಹಾಗೆಂದು ದೊಡ್ಡ ಬೆಲೆಯೆಲ್ಲ ತಪ್ಪಲ್ಲ. ಫೈನಲ್‌ನಲ್ಲಿ ಎದುರಿದ್ದ ಪಂಜಾಬ್, ಶ್ರೇಯಸ್ ಅಯ್ಯರ್‌ಗೆ 26.75 ಕೋಟಿ ಕೊಟ್ಟಿತ್ತು. ಅವರು 604 ರನ್ ಹೊಡೆದು, ತಂಡವನ್ನು ಅಂಕಪಟ್ಟಿಯ ತುದಿಗೆ ಕರೆತಂದರು. ಆರು ರನ್ ಅತ್ತಿತ್ತ ಆಗಿದ್ದರೆ ಇಂದಿನ ಚರ್ಚೆ ತಿರುಗುಮುರುಗಾಗುತ್ತಿತ್ತು. ವೆಂಕಟೇಶ್‌ಗಾಗಿ ಆರ್‌ಸಿಬಿ 23.50 ಕೋಟಿವರೆಗೆ ಕೂಗಿದ್ದನ್ನು ಮರೆತು ಅದನ್ನು ದೂರದೃಷ್ಟಿಯ ತಂಡ ಎಂದು ಹೊಗಳುವುದು ಪ್ರಾಮಾಣಿಕತೆಯಲ್ಲ. ಕೋಲ್ಕತ್ತ ಇನ್ನೊಂದು ಸಲ ಕೈಯೆತ್ತದಿದ್ದರೆ ಹೇಜಲ್‌ವುಡ್ ಅವರನ್ನು ಕೊಳ್ಳುವ ಹಣ ಉಳಿಯುತ್ತಿತ್ತೇ ಎಂಬುದು ಅನುಮಾನ. ಆ ಒಂದು ಪೈಪೋಟಿಯಲ್ಲಿ ಅದೃಷ್ಟ ಕೈಹಿಡಿಯಿತು, ಉಳಿದ ಹತ್ತಾರು ಆಯ್ಕೆಗಳಲ್ಲಿ ಲೆಕ್ಕಾಚಾರ ಕೆಲಸ ಮಾಡಿತು. ಮರುವರ್ಷ, 2025ರ ಡಿಸೆಂಬರ್‌ನ ಅಬುಧಾಬಿ ಹರಾಜಿನಲ್ಲಿ ಅದೇ ವೆಂಕಟೇಶ್ ಆರ್‌ಸಿಬಿಗೆ ಸಿಕ್ಕಿದ್ದು 7 ಕೋಟಿಗೆ.

ಕಬಡ್ಡಿಯ ಮಾತಿಲ್ಲದೆ ಹಾಸನದ ಕಡೆ ಆಟದ ಮಾತು ಮುಗಿಯುವುದಿಲ್ಲ. ಪ್ರೊ ಕಬಡ್ಡಿಯ ಪವನ್ ಸೆಹ್ರಾವತ್ ಒಬ್ಬರ ಜಾತಕವೇ ಈ ವಿಷಯಕ್ಕೆ ಸಾಕು. ಗುಜರಾತ್ ತಂಡದಲ್ಲಿ ಹೆಚ್ಚು ಅವಕಾಶವಿಲ್ಲದೆ ಕುಳಿತಿದ್ದ ಅವರನ್ನು ಬೆಂಗಳೂರು ಬುಲ್ಸ್ 2018ರಲ್ಲಿ 52.80 ಲಕ್ಷಕ್ಕೆ ತಂದಿತು. ಆ ಹರಾಜಿನ ಅತ್ಯಂತ ದುಬಾರಿ ಆಟಗಾರ 1.51 ಕೋಟಿಯ ಮೋನು ಗೋಯತ್. ಅವರ ಹರಿಯಾಣ ತಂಡ ಪ್ಲೇ-ಆಫ್ ತಲುಪಲಿಲ್ಲ. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ ಪವನ್ ಒಬ್ಬರೇ 22 ಅಂಕ ತಂದು 38–33ರಿಂದ ಬುಲ್ಸ್‌ಗೆ ಕಪ್ ಕೊಡಿಸಿದರು.

2022ಕ್ಕೆ ಅವರ ಬೆಲೆ 2.26 ಕೋಟಿ, ಕೊಂಡವರು ತಮಿಳ್ ತಲೈವಾಸ್. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಹೊರಗುಳಿದರು. ಆ ಜಾಗಕ್ಕೆ ಬಂದ ನರೇಂದರ್ ಮತ್ತು ಉಳಿದ ಹುಡುಗರು ತಂಡವನ್ನು ಸೆಮಿಫೈನಲ್‌ವರೆಗೆ ಒಯ್ದರು. 2023ರಲ್ಲಿ ತೆಲುಗು ಟೈಟನ್ಸ್ 2.60 ಕೋಟಿಗೂ ಮೀರಿ ತೆತ್ತಿತು. ಪವನ್ ಚೆನ್ನಾಗಿಯೇ ಆಡಿದರು. ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. ರೇಡರ್ ಔಟಾಗಿ ಹೊರಗೆ ಕುಳಿತಾಗ ಅವನನ್ನು ಮರಳಿ ಒಳತರಲು ಹಿಂದೆ ಹಿಡಿಯುವವರು ಬೇಕು. ಅವರನ್ನು ಕೊಳ್ಳಲು ಹಣ ಉಳಿಸಿಕೊಳ್ಳದ ತಂಡದಲ್ಲಿ ಎಂಥ ರೇಡರ್ ಆದರೂ ಬೆಂಚಿನ ಮೇಲೆ ಕುಳಿತೇ ಅರ್ಧ ಪಂದ್ಯ ಕಳೆಯುತ್ತಾನೆ.

ಕಾಫಿ ಕೊಯ್ಲು ಮುಗಿದ ಮೇಲೆ ಈ ಸೀಮೆಯ ಮೈದಾನಗಳಲ್ಲಿ ಪೆಂಡಾಲ್ ಏಳುತ್ತದೆ. ಪ್ರತಿ ಮಾಲೀಕನಿಗೆ ಇಷ್ಟು ಪಾಯಿಂಟ್ ಎಂದು ಹಂಚಿ ಆಟಗಾರರನ್ನು ಕೂಗುತ್ತಾರೆ. ‘ಅವನೊಬ್ಬ ಇದ್ರೆ ಸಾಕು ಬಿಡಣ್ಣ, ಮಿಕ್ಕಿದ್ದು ಹೆಂಗೋ ಆಗುತ್ತೆ’ ಎಂಬ ಮಾತು ಅಲ್ಲಿ ಕೇಳಿಬರುತ್ತದೆ. ಹೊರಗಿನಿಂದ ಬಂದ ಒಬ್ಬ ಹೊಡೆತಗಾರನಿಗೆ ಅರ್ಧಕ್ಕರ್ಧ ಪಾಯಿಂಟ್ ಹೋಗಿ, ಪಾಳ್ಯದ ಕಡೆಯ, ಕೆಂಚಮ್ಮನ ಹೊಸಕೋಟೆ ಕಡೆಯ ಪಿಯುಸಿ ಹುಡುಗರು ಕೊನೆಯಲ್ಲಿ ಕನಿಷ್ಠ ಪಾಯಿಂಟಿಗೆ ಸೇರಿಕೊಂಡು, ಬೌಂಡರಿಯಲ್ಲಿ ನಿಂತು ಒಂದು ಓವರೂ ಹಾಕದೆ ಮನೆಗೆ ಹೋಗುತ್ತಾರೆ. ಆರರಿಂದ ಎಂಟು ಓವರಿನ ಪಂದ್ಯದಲ್ಲಿ ಒಬ್ಬ ಬೌಲರ್ ಎರಡು ಓವರಿಗಿಂತ ಹೆಚ್ಚು ಹಾಕುವಂತಿಲ್ಲದಿದ್ದರೆ, ನಂಬಬಹುದಾದ ಮೂವರು ಇಲ್ಲವೇ ನಾಲ್ವರು ಬೌಲರ್‌ಗಳು ಬೇಕೇ ಬೇಕು. ಒಬ್ಬ ಹೊಡೆತಗಾರ ಆ ಜಾಗ ತುಂಬಲಾರ. ಇಲ್ಲಿ ಹಿಂದಕ್ಕೆ ಸರಿಯುವುದು ಅಮೆರಿಕಕ್ಕಿಂತ, ಐಪಿಎಲ್‌ಗಿಂತ ಹೆಚ್ಚು ಲಾಭದ್ದು.

ಪಂದ್ಯಾವಳಿ ನಡೆಸುವವರು ಮುಂದಿನ ಬೇಸಿಗೆಗೆ ಒಂದು ಪ್ರಯೋಗ ಮಾಡಬಹುದು. ಹರಾಜಿನ ಬದಲು ಚೀಟಿ ಎತ್ತಿ ಸರದಿ ನಿಗದಿ ಮಾಡಲಿ; ಮೊದಲ ಸುತ್ತಿನಲ್ಲಿ ಕೊನೆಯವನಿಗೆ ಎರಡನೆಯ ಸುತ್ತಿನಲ್ಲಿ ಮೊದಲ ಸರದಿ ಸಿಗಲಿ. ಸರದಿಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲು ಬಿಡಲಿ. ಮೊದಲ ಸರದಿ ಬಿಟ್ಟುಕೊಟ್ಟು ಎರಡು ಸರದಿ ಪಡೆದ ತಂಡ ಅದರಲ್ಲೊಂದನ್ನು ತಾಲ್ಲೂಕಿನ ಹತ್ತೊಂಬತ್ತು ತುಂಬದ ಹುಡುಗನಿಗೆ ಮೀಸಲಿಡಬೇಕು, ಪ್ರತಿ ಪಂದ್ಯದಲ್ಲೂ ಅವನ ಕೈಗೆ ಒಂದು ಓವರ್ ಕೊಡಲೇಬೇಕು ಎಂದು ನಿಯಮ ಬರೆಯಲಿ. ಟ್ರೋಫಿಯ ಖರ್ಚು ಏರುವುದಿಲ್ಲ, ಸ್ಕೋರ್ ಪುಸ್ತಕದಲ್ಲಿ ಒಂದು ಹೊಸ ಕಾಲಂ ಗೆರೆ ಎಳೆದರೆ ಆಯಿತು.